ತಲುಪದ ಪತ್ರಗಳು

ಇವತ್ತು ‘ಹರಿಕಾರ’ ಎಂದರೆ ಹೊಸದೊಂದನ್ನು ಮೊದಲು ಮಾಡಿ ತೋರಿಸಿದವನು. ಹೈದರ್-ಟಿಪ್ಪು ಕಾಲದಲ್ಲಿ ಅದು ಒಂದು ಉದ್ಯೋಗದ ಹೆಸರು. ಓಲೆ ಒಯ್ಯುವವನು, ದಂಡಿಗಿಂತ ಮುಂದೆ ಹೋಗಿ ದಾರಿ ನೋಡಿ ಬರುವವನು, ಶತ್ರುವಿನ ಪಾಳೆಯದ ಸುದ್ದಿ ತರುವವನು ಹರಿಕಾರ. ಮೈಸೂರಿನ ಯುದ್ಧಗಳನ್ನು ಓದುವಾಗ ನಾನು ಹುಡುಕುವುದು ಇಂಥವರನ್ನು. ಅವರ ಹೆಸರು ಸಿಗುವುದಿಲ್ಲ. ಕೆಲಸ ಮಾತ್ರ ಕಾಣುತ್ತದೆ. ಅದು ತೀರ ಸ್ಪಷ್ಟವಾಗಿ ಕಾಣುವುದು 1791ರ ಮೇ ತಿಂಗಳಲ್ಲಿ, ಬೂಕನಕೆರೆಯ ಆಸುಪಾಸಿನ ಸೀಮೆಯಲ್ಲಿ.

ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್, ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿದ. ಆದರೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ಕಾವೇರಿ ದಾಟಿ ಅಬರ್‌ಕ್ರಾಂಬಿಯ ಸೈನ್ಯವನ್ನು ಕೂಡಿಕೊಳ್ಳಲು ಕನ್ನಂಬಾಡಿಗೆ ಬಂದ. ಅಷ್ಟರಲ್ಲಿ ಪಾಳೆಯದಲ್ಲಿ ಧಾನ್ಯ ಮುಗಿದಿತ್ತು, ಸಿಡುಬು ಹರಡಿತ್ತು, ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಫಿರಂಗಿ ಎಳೆಯುವವರಿಲ್ಲದೆ ಮೇ 22ರಂದು ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಹಾಳುಗೆಡವಿದ.

ಮೇ 26ರಂದು ಸೈನ್ಯ ಹಿಂದಿರುಗಲು ಹೊರಟಾಗ ಎದುರಿಗೆ ಕುದುರೆ ದಂಡು ಕಾಣಿಸಿತು. ಇಂಗ್ಲಿಷರು ಶತ್ರುವೆಂದೇ ತಿಳಿದು ಕಾದಾಟಕ್ಕೆ ಸಿದ್ಧರಾದರು. ಬಂದವರು ಅವರ ಮಿತ್ರರೇ ಆದ ಮರಾಠರು! ಹರಿಪಂತ ಫಡಕೆ, ಪರಶುರಾಮ ಭಾವು ಇವರ ದೊಡ್ಡ ಸೈನ್ಯ ಧಾನ್ಯದ ಸಮೇತ ಇಷ್ಟು ಹತ್ತಿರ ಬಂದಿದ್ದರೂ ಕಾರ್ನ್‌ವಾಲಿಸನಿಗೆ ಸುಳಿವಿರಲಿಲ್ಲ. ಮರಾಠರು ಕಳಿಸಿದ ಪತ್ರಗಳನ್ನೆಲ್ಲ ಮೈಸೂರಿನ ರಾವುತರು ದಾರಿಯಲ್ಲೇ ತಡೆದಿದ್ದರು. ಒಂದು ಪತ್ರ ನಾಲ್ಕು ದಿನ ಮೊದಲು ಮುಟ್ಟಿದ್ದರೂ ಆ ಫಿರಂಗಿಗಳು ಉಳಿಯುತ್ತಿದ್ದವು.

ಈ ಗೆಲುವು ಬಹುಕಾಲ ಬಾಳಲಿಲ್ಲ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದ. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ತೆರಬೇಕಾಯಿತು; ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಆದರೆ ರಾಜಧಾನಿಗೆ ಸಿಕ್ಕ ಆ ಎಂಟೊಂಬತ್ತು ತಿಂಗಳ ಉಸಿರಿನಲ್ಲಿ ಈ ದಾರಿಗಳನ್ನು ಕಾದವರ ಪಾಲೂ ಇದೆ.

ಕೋಟೆ ಕಾದವನಿಗೆ ಕೋಟೆಯೇ ಸಾಕ್ಷಿ. ಸುದ್ದಿ ತಡೆದವನು ಏನನ್ನೂ ಬಿಟ್ಟುಹೋಗುವುದಿಲ್ಲ. ಸುಳಿವು ಬಿಡದಿರುವುದೇ ಅವನ ಕಸುಬು. ಇಂಗ್ಲಿಷರು ಬರೆದಿಟ್ಟ ಯುದ್ಧ ಕಥನಗಳಲ್ಲಿ ಎಲ್ಲೆಲ್ಲಿ ‘ನಮಗೆ ಸುದ್ದಿ ಬರಲಿಲ್ಲ’ ಎಂಬರ್ಥದ ಮಾತು ಸಿಗುತ್ತದೋ ಅಲ್ಲೆಲ್ಲ ಅವನಿದ್ದಾನೆ. ಹಳೆಯ ಕನ್ನಂಬಾಡಿ ಊರು ಇಂದು ಕೃಷ್ಣರಾಜಸಾಗರದ ನೀರಿನಡಿ ಇದೆ. ಅವನನ್ನು ಹುಡುಕಲು ನಮಗೆ ಉಳಿದಿರುವುದು ಅವನ ಶತ್ರುಗಳ ಬರಹಗಳಲ್ಲಿನ ಈ ಖಾಲಿ ಜಾಗಗಳೇ.