ಬಲ್ಬಿನೊಳಗಿನ ಎಳೆ, ಮತ್ತೆ ಒಂದು ಕವನ ಸಂಕಲನ

 

ಫೆಬ್ರವರಿ ಬಂತಂದ್ರೆ ಅಮೆರಿಕದ ಕಾಲೇಜು ಲೈಬ್ರರಿಗಳಲ್ಲಿ ಒಂದು ಟೇಬಲ್ ಹಾಕಿ ಕಪ್ಪು ಅಮೆರಿಕನ್ನರ ಪುಸ್ತಕ, ಸಂಶೋಧಕರ ಫೋಟೋ ಜೋಡಿಸ್ತಾರೆ. 1926ರಲ್ಲಿ ಇತಿಹಾಸಕಾರ ಕಾರ್ಟರ್ ಜಿ. ವುಡ್‌ಸನ್ ಇದನ್ನ ಒಂದು ವಾರದ ಆಚರಣೆಯಾಗಿ ಶುರು ಮಾಡಿದ್ರು, 1976ರಲ್ಲಿ ಅದು ಇಡೀ ತಿಂಗಳಾಯ್ತು. ಏಪ್ರಿಲ್ ಬಂದ್ರೆ ಟೇಬಲ್ ಮೇಲೆ ಕವಿತೆ, ಯಾಕಂದ್ರೆ 1996ರಿಂದ ಅಲ್ಲಿ ಏಪ್ರಿಲ್ ಕಾವ್ಯದ ತಿಂಗಳು. ಯಂತ್ರಕ್ಕೆ ಒಂದು ತಿಂಗಳು, ಪದ್ಯಕ್ಕೆ ಇನ್ನೊಂದು. ಇವತ್ತು ನಾನು ಹೇಳೋ ಮನುಷ್ಯನ್ನ ಯಾವ ತಿಂಗಳಲ್ಲಿ ಇಡಬೇಕು ಅನ್ನೋದೇ ತಲೆನೋವು. ಹೆಸರು ಲೂಯಿಸ್ ಲ್ಯಾಟಿಮರ್.

ಮೊದಲೇ ಹೇಳಿಬಿಡ್ತೀನಿ. "ಬಲ್ಬ್ ಕಂಡುಹಿಡಿದಿದ್ದು ಎಡಿಸನ್ ಅಲ್ಲ, ಲ್ಯಾಟಿಮರ್" ಅಂತ ಫಾರ್ವರ್ಡ್ ಬಂದ್ರೆ ನಂಬಬೇಡಿ. ನಿಜ ಅದಕ್ಕಿಂತ ಸ್ವಾರಸ್ಯವಾಗಿದೆ.

ಅವನ ಅಪ್ಪ ಜಾರ್ಜ್ ಗುಲಾಮ. 1842ರ ಅಕ್ಟೋಬರ್‌ನಲ್ಲಿ ಗರ್ಭಿಣಿ ಹೆಂಡತಿ ರೆಬೆಕ್ಕಾಳನ್ನ ಕರ್ಕೊಂಡು ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಾಸ್ಟನ್ ಸೇರ್ದ. ಯಜಮಾನ ಬೆನ್ನು ಹತ್ತಿ ಬಂದು ಅರೆಸ್ಟ್ ಮಾಡಿಸ್ದ. ಊರಲ್ಲಿ ದೊಡ್ಡ ಗಲಾಟೆ ಎದ್ದು, ಕೊನೆಗೆ 400 ಡಾಲರ್ ಕೊಟ್ಟು ಅವನನ್ನ ಬಿಡಿಸ್ಕೊಂಡ್ರು. ಬಿ.ಕಾಂ. ಓದಿರೋ ನಂಗೆ ಇನ್‌ವಾಯ್ಸ್ ನೋಡಿ ಅಭ್ಯಾಸ. ಆದ್ರೆ ಒಬ್ಬ ಮನುಷ್ಯನ ಎದುರು 400 ಅಂತ ಬರೆದಿರೋದನ್ನ ಓದಿದಾಗ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಈ ಪ್ರಕರಣದಿಂದಾಗಿಯೇ 1843ರಲ್ಲಿ ಮ್ಯಾಸಚೂಸೆಟ್ಸ್ ಒಂದು ಕಾನೂನು ಮಾಡ್ತು: ಓಡಿಬಂದ ಗುಲಾಮರನ್ನ ಹಿಡಿಯೋಕೆ ರಾಜ್ಯದ ಅಧಿಕಾರಿಗಳಾಗಲಿ ಜೈಲುಗಳಾಗಲಿ ಸಹಾಯ ಮಾಡಬಾರದು.

ಲೂಯಿಸ್ ಹುಟ್ಟಿದ್ದು 1848ರಲ್ಲಿ. ಅಂತರ್ಯುದ್ಧದಲ್ಲಿ 16ನೇ ವಯಸ್ಸಿಗೆ ನೌಕಾಪಡೆ ಸೇರಿದ, ವಾಪಸ್ ಬಂದು ಬಾಸ್ಟನ್ನಿನ ಒಂದು ಪೇಟೆಂಟ್ ವಕೀಲರ ಆಫೀಸಲ್ಲಿ ಆಫೀಸ್ ಬಾಯ್ ಆದ. ವಾರಕ್ಕೆ 3 ಡಾಲರ್. ಅಲ್ಲಿ ನಕ್ಷೆ ಬರೆಯೋರ ಕೈ ನೋಡ್ತಾ ನೋಡ್ತಾ, ಸೆಕೆಂಡ್ ಹ್ಯಾಂಡ್ ಉಪಕರಣ ಕೊಂಡು, ತಾನೇ ಕಲಿತು, ಕೊನೆಗೆ ಅದೇ ಆಫೀಸಿನ ಮುಖ್ಯ ನಕ್ಷೆಗಾರ ಆದ. ಒಂದು ಸಲ ಕಿವುಡರಿಗೆ ಪಾಠ ಹೇಳೋ ಮೇಷ್ಟ್ರೊಬ್ಬರು ಆ ಆಫೀಸಿಗೆ ಬಂದ್ರು. ಅವರ ಸಂಜೆ ಕ್ಲಾಸ್ ಮುಗಿಯೋವರೆಗೆ, ಅಂದ್ರೆ ರಾತ್ರಿ 9 ದಾಟೋವರೆಗೆ, ಲ್ಯಾಟಿಮರ್ ಕಾದು ಕೂತು ನಕ್ಷೆ ಬರ್ಕೊಟ್ಟ. ಮೇಷ್ಟ್ರ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಆ ನಕ್ಷೆ 1876ರ ಟೆಲಿಫೋನ್ ಪೇಟೆಂಟಿಗೆ.

ಅಷ್ಟರಲ್ಲಾಗಲೇ ಇವನ ಹೆಸರಲ್ಲೂ ಒಂದು ಪೇಟೆಂಟ್ ಇತ್ತು, 1874ರದ್ದು, ಇನ್ನೊಬ್ಬರ ಜೊತೆ ಸೇರಿ. ಯಾವುದಕ್ಕೆ ಗೊತ್ತಾ? ರೈಲಿನ ಟಾಯ್ಲೆಟ್ ಸುಧಾರಿಸೋಕೆ. ರಾತ್ರಿ ರೈಲಲ್ಲಿ ಊರಿಗೆ ಹೋಗೋರಿಗೆ ಇದರ ಬೆಲೆ ಗೊತ್ತು ಬಿಡಿ.

ಈಗ ಬಲ್ಬ್. ಎಡಿಸನ್ 1879ರಲ್ಲಿ ದೀಪ ಉರಿಸಿ ತೋರಿಸಿದ್ದು ನಿಜ. ಆದ್ರೆ ಒಳಗಿನ ಎಳೆಯದ್ದೇ ಕಾಟ. ಬಿದಿರೋ ಕಾಗದವೋ ದಾರವೋ, ಯಾವುದನ್ನಾದ್ರೂ ಸುಟ್ಟು ಇಂಗಾಲ ಮಾಡುವಾಗ ಅದು ಕುಗ್ಗುತ್ತೆ, ಸೊಟ್ಟಗಾಗುತ್ತೆ, ಮುರಿಯುತ್ತೆ. ಒಂದು ಬಲ್ಬ್ ಮಾಡಿ ಪೇಪರಲ್ಲಿ ಹೆಸರು ಹಾಕಿಸ್ಕೊಳ್ಳೋದು ಬೇರೆ, ಸಾವಿರಗಟ್ಟಲೆ ಮಾಡಿ ಮಾರೋದು ಬೇರೆ. ಲ್ಯಾಟಿಮರ್ ಉಪಾಯ ಕೇಳಿದ್ರೆ ಇಷ್ಟೇನಾ ಅನ್ಸುತ್ತೆ: ಎಳೆಯನ್ನ ರಟ್ಟಿನ ಲಕೋಟೆಯೊಳಗಿಟ್ಟು ಸುಡೋದು. ಶಾಖಕ್ಕೆ ಎಳೆ ಎಷ್ಟು ಕುಗ್ಗುತ್ತೋ ಲಕೋಟೆನೂ ಅಷ್ಟೇ ಕುಗ್ಗುತ್ತೆ, ಹಾಗಾಗಿ ಎಳೆ ಸೊಟ್ಟಗಾಗಲ್ಲ. ಪೇಟೆಂಟ್ ಬಂದಿದ್ದು 1882ರ ಜನವರಿಯಲ್ಲಿ.

ಆ ಪೇಟೆಂಟಿನ ಮೇಲೆ ಸಂಶೋಧಕ ಅಂತ ಇವನ ಹೆಸರಿದೆ, ಹಕ್ಕು ಮಾತ್ರ ಇವನ ಕಂಪನಿಯದ್ದು. ಆಗ ಇವನು ಕೆಲಸಕ್ಕಿದ್ದದ್ದು ಎಡಿಸನ್ನಿಗೆ ಪೈಪೋಟಿ ಕೊಡ್ತಿದ್ದ ಹೈರಮ್ ಮ್ಯಾಕ್ಸಿಮ್ ಅವರ ಕಂಪನಿಯಲ್ಲಿ. ಬ್ಯಾಲೆನ್ಸ್ ಶೀಟಲ್ಲಿ ಆಸ್ತಿ ಅಂತ ಕೂರೋದು ಕಂಪನಿಗೆ, ಇವನಿಗೆ ಸಂಬಳ. ಬಿಳಿಯ ಉದ್ಯೋಗಿಗಳ ಗತಿನೂ ಅದೇ ಇತ್ತು, ಅದನ್ನ ಮರೀಬಾರದು. ಆದ್ರೆ ಕಪ್ಪು ಸಂಶೋಧಕರಿಗೆ ಇದರ ಹಿಂದೆ ಇನ್ನೊಂದು ಲೆಕ್ಕ ಬಾಕಿ ಇತ್ತು.

1858ರಲ್ಲಿ ಮಿಸಿಸಿಪ್ಪಿಯ ಆಸ್ಕರ್ ಸ್ಟುವರ್ಟ್ ಅನ್ನೋ ತೋಟದ ಮಾಲೀಕ, ತನ್ನ ಗುಲಾಮ ನೆಡ್ ಮಾಡಿದ ಹತ್ತಿ ಹೊಲದ ಸಾಧನಕ್ಕೆ ತನಗೆ ಪೇಟೆಂಟ್ ಕೊಡಿ ಅಂದ. ಸರ್ಕಾರದ ಅಟಾರ್ನಿ ಜನರಲ್ ಅಭಿಪ್ರಾಯ: ಗುಲಾಮ ಪೇಟೆಂಟ್ ತಗೊಳ್ಳೋ ಹಾಗಿಲ್ಲ, ಮಾಲೀಕ ಕಂಡುಹಿಡಿದವನಲ್ಲ, ಆದ್ದರಿಂದ ಯಾರಿಗೂ ಇಲ್ಲ. ಸ್ಟುವರ್ಟ್ ಪೇಟೆಂಟ್ ಇಲ್ಲದೇನೇ ಅದನ್ನ ಮಾರಾಟಕ್ಕಿಟ್ಟ. ನೆಡ್ ಬಗ್ಗೆ ನಮಗೆ ಉಳಿದಿರೋದು ಹೆಚ್ಚುಕಮ್ಮಿ ಆ ಮೂರಕ್ಷರದಷ್ಟು ಹೆಸರು ಮಾತ್ರ.

ಯುದ್ಧ ಮುಗಿದು ಹಕ್ಕು ಬಂದ ಮೇಲೂ ಯಾರು ಕಪ್ಪು ಯಾರು ಬಿಳಿ ಅಂತ ಪೇಟೆಂಟ್ ದಾಖಲೆಯಲ್ಲಿ ಬರೀತಿರಲಿಲ್ಲ. ಒಳ್ಳೆಯದೇ ಅಲ್ವಾ ಅನ್ಸುತ್ತೆ. ಆದ್ರೆ "ಕಪ್ಪು ಜನ ಏನೂ ಕಂಡುಹಿಡಿದಿಲ್ಲ" ಅಂದವರಿಗೆ ಉತ್ತರ ಕೊಡೋಕೆ ಪುರಾವೆನೂ ಇಲ್ಲ. ಇಲ್ಲಿ ಬರ್ತಾರೆ ನನ್ನ ಮೆಚ್ಚಿನ ಗುಮಾಸ್ತ, ಹೆನ್ರಿ ಬೇಕರ್. ನೌಕಾ ಅಕಾಡೆಮಿಯಲ್ಲಿ ಸಹಪಾಠಿಗಳ ಕಿರುಕುಳ ಅನುಭವಿಸಿ ಹೊರಬಂದವರು, 1877ರಲ್ಲಿ ಪೇಟೆಂಟ್ ಆಫೀಸಲ್ಲಿ ನಕಲು ಬರೆಯೋ ಕೆಲಸಕ್ಕೆ ಸೇರಿ ಪರೀಕ್ಷಕರಾದ್ರು. ದೇಶದ ಪೇಟೆಂಟ್ ವಕೀಲರಿಗೆಲ್ಲ ಪತ್ರ ಹೋಯ್ತು: ನಿಮ್ಮ ಕಕ್ಷಿದಾರರಲ್ಲಿ ಕಪ್ಪು ಸಂಶೋಧಕರು ಯಾರಿದ್ದಾರೆ? ಹೆಸರು ಸಿಕ್ಕೋದು ಸುಲಭ ಇರಲಿಲ್ಲ. ಗೊತ್ತಾದ್ರೆ ಮಾಲು ಯಾರೂ ಕೊಳ್ಳಲ್ಲ ಅಂತ ಎಷ್ಟೋ ಸಂಶೋಧಕರು ತಮ್ಮ ಜನಾಂಗ ಹೇಳ್ಕೊಳ್ತಾನೇ ಇರಲಿಲ್ಲ ಅಂತ ಬೇಕರ್ ಅವರೇ ಬರೆದಿದ್ದಾರೆ.

ಆ ಪಟ್ಟಿ 1900ರ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕೆ ಹೋಯ್ತು. ಡು ಬೋಯಿಸ್ ಅವರ ಬಣ್ಣದ ಅಂಕಿಅಂಶದ ಚಾರ್ಟುಗಳು ಇನ್‌ಸ್ಟಾದಲ್ಲಿ ಕಣ್ಣಿಗೆ ಬಿದ್ದಿರಬಹುದು, ಅದೇ ಪ್ರದರ್ಶನ. ಅಲ್ಲಿ 1834ರಿಂದ ಕಪ್ಪು ಜನರಿಗೆ ಸಿಕ್ಕ ಸುಮಾರು 350 ಪೇಟೆಂಟುಗಳ ದಾಖಲೆ ಇತ್ತು. ಅದೇ ಕೋಣೆಯಲ್ಲಿ ಕಪ್ಪು ಲೇಖಕರ 200ರಷ್ಟು ಪುಸ್ತಕಗಳೂ ಇದ್ವು. ಪುಸ್ತಕಗಳನ್ನ ಹುಡುಕಿ ಒಟ್ಟುಮಾಡಿದವರು ಲೈಬ್ರರಿ ಆಫ್ ಕಾಂಗ್ರೆಸ್‌ನ ಕಪ್ಪು ಗ್ರಂಥಪಾಲಕ ಡೇನಿಯಲ್ ಮರ್ರೆ. ಯಂತ್ರ, ಪುಸ್ತಕ ಎರಡನ್ನೂ ಒಂದೇ ಕಡೆ ಇಟ್ಟ ಆ ಪ್ರದರ್ಶನ ನಂಗೆ ಇವತ್ತಿನ ತಿಂಗಳ ಲೆಕ್ಕದ ಟೇಬಲ್‌ಗಳಿಗಿಂತ ಇಷ್ಟ.

ಯಾಕಂದ್ರೆ ಲ್ಯಾಟಿಮರ್ ಕವಿ ಕೂಡ. 1884ರಲ್ಲಿ ಎಡಿಸನ್ ಕಂಪನಿ ಸೇರಿ ಪೇಟೆಂಟ್ ಕೇಸುಗಳಲ್ಲಿ ಪರಿಣಿತ ಸಾಕ್ಷಿಯಾದ, 1890ರಲ್ಲಿ ವಿದ್ಯುತ್ ದೀಪದ ಬಗ್ಗೆ ಪುಸ್ತಕ ಬರೆದ, 1918ರಲ್ಲಿ ಎಡಿಸನ್ನಿನ ಹಳೇ ಜೊತೆಗಾರರ ಸಂಘದ ಏಕೈಕ ಕಪ್ಪು ಸದಸ್ಯನಾದ. ಆ ಕಂಪನಿ ವಿಲೀನವಾಗಿ ಹುಟ್ಟಿದ ಜನರಲ್ ಎಲೆಕ್ಟ್ರಿಕ್‌ನ ಯಂತ್ರಗಳೇ 1902ರಲ್ಲಿ ಶಿವನಸಮುದ್ರದ ಕರೆಂಟನ್ನ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ಅನ್ನೋದು ಬೇರೆ ಎಪಿಸೋಡಿನ ಮಾತು. ಇಷ್ಟರ ಮಧ್ಯೆ ಕೊಳಲು ನುಡಿಸ್ತಿದ್ದ, ಚಿತ್ರ ಬರೀತಿದ್ದ, ನ್ಯೂಯಾರ್ಕಿಗೆ ವಲಸೆ ಬಂದವರಿಗೆ ಇಂಗ್ಲಿಷ್ ಮತ್ತು ನಕ್ಷೆ ಬರೆಯೋದು ಕಲಿಸ್ತಿದ್ದ.

1925ರಲ್ಲಿ ಅವನ 77ನೇ ಹುಟ್ಟುಹಬ್ಬಕ್ಕೆ ಅವನ ಕವಿತೆಗಳನ್ನ ಪುಸ್ತಕವಾಗಿ ಅಚ್ಚು ಹಾಕಿಸಿ ಕೊಟ್ಟರು. ಪ್ರೀತಿ, ಸಂಸಾರದ ಕವಿತೆಗಳೇ ಜಾಸ್ತಿ. 'ಎಬನ್ ವೀನಸ್' ಅನ್ನೋದು ಕಪ್ಪು ಹೆಣ್ಣಿನ ಚೆಲುವಿನ ಬಗ್ಗೆ. ಆ ಪುಸ್ತಕದ ಮೇಲೆ ಯಾವ ಕಂಪನಿಗೂ ಹಕ್ಕು ಬರ್ಕೊಟ್ಟಿರಲಿಲ್ಲ.

1928ರಲ್ಲಿ ತೀರ್ಕೊಂಡ. ಕ್ವೀನ್ಸ್‌ನಲ್ಲಿ ಅವನಿದ್ದ ಮನೆ ಕೆಡವೋದರಲ್ಲಿದ್ರು, 1988ರಲ್ಲಿ ಇಡೀ ಮನೆಯನ್ನೇ ಬೇರೆ ಜಾಗಕ್ಕೆ ಸಾಗಿಸಿ ಉಳಿಸಿದ್ರು. ಈಗ ಅದು ಮ್ಯೂಸಿಯಂ.

ಮುಂದಿನ ವಾರ, ಲಿಫ್ಟ್ ಓಡಿಸ್ತಾ ಹತ್ತಿದವರಿಗೇ ತನ್ನ ಕವನ ಸಂಕಲನವನ್ನ 1 ಡಾಲರಿಗೆ ಮಾರ್ತಿದ್ದ ಪಾಲ್ ಲಾರೆನ್ಸ್ ಡನ್‌ಬಾರ್ ಕಥೆ. ಸಿಗೋಣ.