ಮೂರು ಯುಗಾದಿಗಳಲ್ಲಿ ಲಾವಣಿ

ಕೊರೊನಾ ಕಾಲ ಲಾವಣಿಯನ್ನು ಮನೆಮನೆಗೆ ಮುಟ್ಟಿಸಿತು ಎಂಬ ಮಾತು ಈಗ ಸಲೀಸಾಗಿ ಓಡಾಡುತ್ತಿದೆ. ಲಾಕ್‌ಡೌನಿನಲ್ಲಿ ಹುಡುಗಿಯರು ಮೊಬೈಲು ನೋಡಿ ಲಾವಣಿ ಕಲಿತರು, ರೀಲ್ಸ್ ಮಾಡಿದರು, ಲಾವಣಿಯ ಹಾಡು, ಕುಣಿತ, ನಾಟಕ ಕೂಡಿದ ತಮಾಷಾ ಎಂದರೆ ಮುಖ ತಿರುಗಿಸುತ್ತಿದ್ದ ಮನೆತನಗಳ ಹೆಣ್ಣುಮಕ್ಕಳೂ ಕಚ್ಚೆ ಸೀರೆ ಉಟ್ಟು ಕುಣಿದರು ಎಂಬುದು ಆ ಮಾತಿನ ಸಾರ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಬಳಿಯ ವಾಳೂಜಿನ ಕಾರ್ಖಾನೆ ಬಡಾವಣೆಗಳಲ್ಲಿ ಬಹುಕಾಲ ಬಾಳಿ, ಜಾತ್ರೆಯ ಫಡಗಳನ್ನೂ (ತಮಾಷಾ ಮೇಳಗಳನ್ನೂ), ಬರೀ ಲಾವಣಿಗೇ ಮೀಸಲಾದ ಸಂಗೀತ ಬಾರಿಯ ಬೈಠಕ್ಕುಗಳನ್ನೂ ಹತ್ತಿರದಿಂದ ನೋಡುತ್ತ, ಕಾಲನಿಯ ಹೆಣ್ಣುಮಕ್ಕಳ ಲಾವಣಿ ತರಗತಿಗೆ ಕೈಜೋಡಿಸುತ್ತ ಬಂದ ನನಗೆ ಇದು ಅರ್ಧ ಸತ್ಯವಾಗಿ ಕಾಣುತ್ತದೆ. ಉಳಿದರ್ಧ ತಿಳಿಯಬೇಕಾದರೆ ಈ ಕಲೆ ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಬೇಕು.

ಪೇಶ್ವೆಗಳ ಕೊನೆಗಾಲದ ಶಾಹಿರರಿಂದ (ಲಾವಣಿ ಕವಿಗಳಿಂದ) ಈ ಚರಿತ್ರೆಯನ್ನು ತೊಡಗುವುದು ರೂಢಿ. ಸಂಗಮನೇರದ ಅನಂತ ಫಂದಿ, ಸೊಲ್ಲಾಪುರದ ರಾಮ ಜೋಶಿ, ನಾಸಿಕ ಜಿಲ್ಲೆಯ ಸಿನ್ನರ ಸೀಮೆಯ ಪರಶುರಾಮ, ಪುಣೆಯ ಹೋನಾಜಿ, ಜೇಜುರಿಯ ಸಗನಭಾವು ಮೊದಲಾದವರ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಇವರಲ್ಲಿ ಬ್ರಾಹ್ಮಣರಿದ್ದರು, ದರ್ಜಿಯಿದ್ದ, ಗೌಳಿಯಿದ್ದ, ಮುಸಲ್ಮಾನನಿದ್ದ. ಕನ್ನಡಿಗರಿಗೂ ಇದು ಪರಕೀಯ ಲೋಕವಲ್ಲ. ಶಕ್ತಿ ಮೇಲೋ ಶಿವ ಮೇಲೋ ಎಂಬ ಕಲ್ಗಿ-ತುರಾ ಪಂಥಗಳ ವಾದ ಗಡಿಯ ಎರಡೂ ಬದಿಯಲ್ಲಿ ನಡೆದಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಖಾಜಾಭಾಯಿಯಂಥವರು ಕನ್ನಡದಲ್ಲಿ ಲಾವಣಿ ಕಟ್ಟಿ ಹಾಡಿದರು. ಹಲಸಂಗಿ ಗೆಳೆಯರ ಬಳಗದಿಂದ ‘ಜೀವನ ಸಂಗೀತ’ ಎಂಬ ಲಾವಣಿ ಸಂಕಲನ 1933ರಲ್ಲೇ ಬಂತು. ನಮ್ಮಲ್ಲಿ ಲಾವಣಿ ಬಹುಮಟ್ಟಿಗೆ ಹಾಡಿಕೆಯಾಗಿ ನಿಂತಿತು. ಮಹಾರಾಷ್ಟ್ರದಲ್ಲಿ ಅದಕ್ಕೆ ಡೋಲಕಿಯ ಜತೆಗೆ ಹೆಣ್ಣಿನ ಗೆಜ್ಜೆ ಕೂಡಿತು.

ಹೆಣ್ಣು ರಂಗಕ್ಕೆ ಬಂದ ಬಳಿಕದ ಕಥೆಯಲ್ಲಿ ಇಬ್ಬರು ಎದ್ದು ಕಾಣುತ್ತಾರೆ. ಪಠ್ಠೆ ಬಾಪೂರಾವ್ ಎಂದು ಹೆಸರಾದ ಶ್ರೀಧರ ಕೃಷ್ಣಾಜಿ ಕುಲಕರ್ಣಿ ಊರಿನ ಕುಲಕರ್ಣಿಕೆ ಬಿಟ್ಟು ತಮಾಷಾ ಸೇರಿದರು. ಅವರ ಪದಗಳಿಗೆ ಜೀವ ಕೊಟ್ಟವಳು ಸಂಗಮನೇರದ ಬಳಿಯ ದಲಿತ ಕಲಾವಿದೆ ಪವಳಾ. ಬಾಪೂರಾವರ ಪದಗಳು ಅಚ್ಚಾದವು. ಪವಳಾಳ ಕುಣಿತ ನೋಡಿದವರ ನೆನಪಿನಲ್ಲಷ್ಟೇ ಉಳಿಯಿತು. ಕಟ್ಟಿದವನ ಹೆಸರು ಉಳಿದು ಆಡಿದವಳ ವಿದ್ಯೆ ಮರೆಯಾಗುವುದು ಈ ಕ್ಷೇತ್ರದ ಹಳೆಯ ರೋಗ.

ಸಾಂಕ್ರಾಮಿಕವೂ ಈ ಕಲೆಗೆ ಹೊಸದಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಮರುವರ್ಷವೇ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾತ್ರೆ, ಉರುಸು, ಸಂತೆಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಟ್ಟಿತು. 1918ರ ಇನ್‌ಫ್ಲುಯೆಂಜಾ ಹಳ್ಳಿಹಳ್ಳಿಗಳನ್ನು ಬಡಿಯಿತು. ಆಗ ಜಾತ್ರೆಯನ್ನೇ ನಂಬಿದ್ದ ಮೇಳದ ಹೆಂಗಸರು ಏನುಂಡರು, ಯಾರಲ್ಲಿ ಸಾಲ ಮಾಡಿದರು ಎಂದು ಅವರ ಬಾಯಿಂದಲೇ ಬಂದ ಬರಹ ನನ್ನ ಓದಿನಲ್ಲಿ ಎಲ್ಲೂ ಸಿಕ್ಕಿಲ್ಲ. ಆ 1897ರ ಕಾಯ್ದೆಯೇ 2020ರ ಮಾರ್ಚಿನಲ್ಲಿ ಮತ್ತೆ ಜಾರಿಗೆ ಬಂತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮುಂಬೈ ಸರ್ಕಾರ ಅಶ್ಲೀಲವೆಂದು ತಮಾಷಾವನ್ನೇ ನಿಷೇಧಿಸಿ, ಆಮೇಲೆ ಸುಧಾರಣೆಯ ಷರತ್ತು ಹಾಕಿ ಬಿಟ್ಟುಕೊಟ್ಟಿತು. ಹೆಣ್ಣಿನ ನಡು ಆಡಿದರೆ ನಾಡಿನ ಮಾನ ಹೋಯಿತೆನ್ನುವ ಆಳ್ವಿಕೆಗಳು ಎಲ್ಲ ಕಡೆ ಇದ್ದವು. ಇಂದು ಬೆಲ್ಲಿ ಡಾನ್ಸ್ ಎಂದು ಜಗತ್ತು ಕಲಿಯುತ್ತಿರುವ ಕುಣಿತದ ನರ್ತಕಿಯರನ್ನು ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ 1834ರಲ್ಲಿ ಕೈರೋದಿಂದಲೇ ಹೊರಹಾಕಿಸಿದ್ದ. ತಮಾಷಾದ ಮೇಲಿನ ಈ ದೃಷ್ಟಿಯ ಹಿಂದೆ ಜಾತಿಯಿದೆ ಎಂಬುದನ್ನು ಸಮಾಜಶಾಸ್ತ್ರಜ್ಞೆ ಶರ್ಮಿಳಾ ರೇಗೆ ಮೊದಲೇ ತೋರಿಸಿಕೊಟ್ಟರು. ಇತಿಹಾಸಕಾರ್ತಿ ಶೈಲಜಾ ಪಾಯಿಕ್ 2022ರ ತಮ್ಮ ಗ್ರಂಥದಲ್ಲಿ ಅದನ್ನು ಇನ್ನೂ ವಿಸ್ತರಿಸಿದರು. ಸಿನಿಮಾ ಮಾತ್ರ ಈ ಗೊಡವೆಗೆ ಹೋಗದೆ ಕುಣಿತವನ್ನಷ್ಟೇ ಎತ್ತಿಕೊಂಡಿತು. 1947ರ ‘ಲೋಕಶಾಹೀರ್ ರಾಮ್ ಜೋಶಿ’, 1959ರ ‘ಸಾಂಗತ್ಯೆ ಐಕಾ’, 1972ರ ‘ಪಿಂಜರಾ’ ಚಿತ್ರಗಳು ಲಾವಣಿಯನ್ನು ಊರೂರಿಗೆ ಒಯ್ದವು. ಸುಲೋಚನಾ ಚವಾಣರ ಕಂಠ ಅದನ್ನು ರೇಡಿಯೋದ ಮೂಲಕ ಅಡುಗೆಮನೆಯವರೆಗೆ ತಂದಿತು.

ನನ್ನ ತಲೆಮಾರಿನ ರುಚಿಯನ್ನು ತಿದ್ದಿದ್ದು ಬೈಠಕಿನ ಲಾವಣಿ. ವಾಯಿಯ ಯಮುನಾಬಾಯಿ ವಾಯಿಕರ್, ಪಂಢರಪುರದ ಸತ್ಯಭಾಮಾಬಾಯಿ ಈ ಪರಂಪರೆಯ ಮೇರುಗಳು. 1915ರಲ್ಲಿ ಹುಟ್ಟಿದ ಯಮುನಾಬಾಯಿಗೆ ಪದ್ಮಶ್ರೀ ಸಿಕ್ಕಿದ್ದು 2012ರಲ್ಲಿ. ಅವರು 2018ರ ಮೇ ತಿಂಗಳಲ್ಲಿ ತೀರಿಕೊಂಡರು. ಈ ಲಾವಣಿಯಲ್ಲಿ ಕಲಾವಿದೆ ಕೂತೇ ಹಾಡುತ್ತಾಳೆ, ಹಾಡುತ್ತಲೇ ಅಭಿನಯಿಸುತ್ತಾಳೆ. ಒಂದೇ ಸಾಲನ್ನು ಎತ್ತಿಕೊಂಡು ಮೊದಲು ಮುನಿಸಿನಿಂದ, ಆಮೇಲೆ ಬೇಡಿಕೆಯಿಂದ, ಮತ್ತೆ ಕೀಟಲೆಯಿಂದ, ಕೊನೆಗೆ ಎಲ್ಲ ಗೊತ್ತಿದ್ದವಳ ಬೇಸರದಿಂದ ತಿರುಗಿಸಿ ತಿರುಗಿಸಿ ತೋರಿಸುತ್ತಾಳೆ. ಹುಬ್ಬು, ಬೆರಳು, ಸೆರಗಿನ ಅಂಚು ಇಷ್ಟೇ ಅವಳ ಸಾಮಗ್ರಿ. ಇದಕ್ಕೆ ಅದಾಕಾರಿ ಎನ್ನುತ್ತಾರೆ. ಈ ನಾಡಿನ ಯಾವ ಶಾಸ್ತ್ರೀಯ ಅಭಿನಯಕ್ಕೂ ಇದು ಕಡಿಮೆಯದಲ್ಲ. ಇದನ್ನು ಕಾಪಾಡಿಕೊಂಡು ಬಂದಿದ್ದು ಚೌಫುಲಾ, ಮೋಡನಿಂಬದಂಥ ಊರುಗಳ ಸಂಗೀತ ಬಾರಿ ಥಿಯೇಟರುಗಳು. ಅಲ್ಲಿನ ಮೇಳಗಳ ಹೆಂಗಸರಿಗೆ ಸಂಬಳವಿಲ್ಲ. ಮೆಚ್ಚಿದವರು ಕೊಡುವ ದೌಲತಜಾದಾದಲ್ಲಿ ಪಾಲು ಹಂಚಿಕೊಂಡೇ ಸಂಸಾರ ನಡೆಯಬೇಕು.

1990ರ ದಶಕದಲ್ಲಿ ಅಕಲೂಜಿನ ಲಾವಣಿ ಸ್ಪರ್ಧೆ ಈ ಹೆಂಗಸರಿಗೆ ಮರ್ಯಾದೆಯ ವೇದಿಕೆಯೊಂದನ್ನು ಕೊಟ್ಟಿತು. 2010ರಲ್ಲಿ ‘ನಟರಂಗ್’ ಸಿನಿಮಾ ಬಂದ ಮೇಲೆ ನಗರಗಳ ಡಾನ್ಸ್ ಕ್ಲಾಸುಗಳಲ್ಲಿ ಲಾವಣಿಗೆ ಬೇಡಿಕೆ ಏರಿತು. ವಾಳೂಜಿನ ಬಜಾಜನಗರದಲ್ಲೂ ರಾಂಜಣಗಾವದಲ್ಲೂ ಗಣೇಶೋತ್ಸವ, ಶಾಲೆಯ ಗ್ಯಾದರಿಂಗ್, ಮಹಿಳಾ ದಿನ ಎಂದರೆ ಒಂದು ಲಾವಣಿ ಇರಲೇಬೇಕು ಎಂಬಂತಾಯಿತು. ಕಲಿಸುವವರು ಹೆಚ್ಚಾಗಿ ಸಿನಿಮಾ ನೋಡಿ ಹೆಜ್ಜೆ ಹಾಕುವ ಹುಡುಗರು. ಮೇಳದಲ್ಲಿ ಬೆಳೆದ ಹೆಂಗಸರಿಗೆ ಅಲ್ಲಿಗೆ ಕರೆ ಬರುತ್ತಿದ್ದುದು ವಿರಳ.

ಹೀಗಿರುವಾಗ 2020 ಬಂತು. ತಮಾಷಾ ಮೇಳಗಳು ದಸರೆಗೆ ಹೊರಟು ಬುದ್ಧ ಪೂರ್ಣಿಮೆಗೆ ಗಂಟುಮೂಟೆ ಕಟ್ಟುತ್ತವೆ. ಮೊದಲ ತಿಂಗಳುಗಳಲ್ಲಿ ಟಿಕೆಟ್ಟಿನ ಆಟ. ಯುಗಾದಿಯಿಂದ ಚೈತ್ರದ ಜಾತ್ರೆಗಳು ಶುರುವಾದರೆ ಹಳ್ಳಿಗಳಿಂದ ಸುಪಾರಿ, ಅಂದರೆ ಮುಂಗಡ ಕರಾರು. ವರ್ಷದ ಸಾಲ ತೀರುವುದು ಈ ಕೊನೆಯ ವಾರಗಳಲ್ಲೇ. ಕರಾರು ಕುದುರಿಸಲು ಫಡದ ಮಾಲೀಕರು ಪುಣೆ ಜಿಲ್ಲೆಯ ನಾರಾಯಣಗಾವದಲ್ಲಿ ರಾಹುಟಿ (ಡೇರೆ) ಹಾಕಿಕೊಂಡು ಕೂರುತ್ತಾರೆ. ದೇಶಕ್ಕೆ ಬೀಗ ಬಿದ್ದ 2020ರ ಮಾರ್ಚ್ 25 ಯುಗಾದಿಯ ದಿನವೇ ಆಗಿತ್ತು. ಮರುವರ್ಷದ ಯುಗಾದಿ ಏಪ್ರಿಲ್ 13ಕ್ಕೆ ಬಂತು. ಮರುದಿನ ರಾತ್ರಿಯಿಂದಲೇ ಮಹಾರಾಷ್ಟ್ರದಲ್ಲಿ ಮತ್ತೆ ನಿರ್ಬಂಧ. ಎಲ್ಲ ನಿರ್ಬಂಧಗಳೂ ತೆರವಾಗಿದ್ದು 2022ರ ಏಪ್ರಿಲ್ 1ಕ್ಕೆ, ಮೂರನೆಯ ಯುಗಾದಿಯ ಹಿಂದಿನ ದಿನ. ನಾಟಕಮಂದಿರಗಳು ನಡುವೆ ಅರ್ಧ ಆಸನಗಳೊಂದಿಗೆ ತೆರೆದು, ಮುಚ್ಚಿ, 2021ರ ಅಕ್ಟೋಬರಿನಲ್ಲಿ ಮತ್ತೆ ತೆರೆದವು. ಜಾತ್ರೆಯೇ ಇಲ್ಲದ ತಮಾಷಾಕ್ಕೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೆ. ಎರಡು ಚೈತ್ರಗಳು ಪೂರ್ತಿ ಕೈಬಿಟ್ಟು ಹೋದವು.

ವಾಳೂಜಿನ ಪಾಡು ಬೇರೆ ಬಗೆಯದು. 2020ರ ಜೂನ್ ಕೊನೆಯ ಹೊತ್ತಿಗೆ ಇಲ್ಲಿನ ಬಜಾಜ್ ಆಟೋ ಕಾರ್ಖಾನೆಯಲ್ಲಿ 100ಕ್ಕೂ ಹೆಚ್ಚು ಕಾರ್ಮಿಕರಿಗೆ ಸೋಂಕು ತಗುಲಿತ್ತು. ಜುಲೈ 10ರಿಂದ 18ರವರೆಗೆ ಆಗಿನ್ನೂ ಔರಂಗಾಬಾದ್ ಎಂದೇ ಕರೆಯುತ್ತಿದ್ದ ನಗರದಲ್ಲೂ ವಾಳೂಜಿನಲ್ಲೂ ಸಂಪೂರ್ಣ ಬಂದ್. ಇಲ್ಲಿನ ಛೋಟೆ ಪಂಢರಪುರದ ಆಷಾಢ ಏಕಾದಶಿಗೂ ಜನ ಸೇರುವಂತಿರಲಿಲ್ಲ. ನಮ್ಮ ಕಾಲನಿಯ ತರಗತಿಯೂ ಮೊಬೈಲಿಗೆ ಬಂತು. ಕಲಿಸುತ್ತಿದ್ದ ಅಕ್ಕ ಸಂಗೀತ ಬಾರಿಯಲ್ಲಿ ಬೆಳೆದವರು. ಲಾಕ್‌ಡೌನಿನಲ್ಲಿ ತಮ್ಮ ಊರಲ್ಲೇ ಉಳಿದರು. ಮನೆಗಿದ್ದ ಒಂದು ಮೊಬೈಲು ಮಗಳ ಶಾಲೆಗೆ ಬೇಕು. ಅದು ಬಿಡುವಾದ ಮೇಲೆ ಸಂಜೆ ಪಾಠ.

ಪಾಠ ಹೇಗೆ ನಡೆಯಿತು ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಸಾರಾಸಗಟು ಹೊಗಳಿಕೆ ಮುಚ್ಚಿಡುವುದು ಇದನ್ನೇ. ವೀಡಿಯೊ ಕರೆಯಲ್ಲಿ ದನಿ ತಡವಾಗಿ ಮುಟ್ಟುತ್ತದೆ. ಅಕ್ಕ ಅಲ್ಲಿ ತಾಳ ಕಟ್ಟಿದರೆ ಇಲ್ಲಿ ಹುಡುಗಿಯ ಹೆಜ್ಜೆ ಸಮಕ್ಕೆ ಬೀಳುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಮಾತನ್ನು ಮಾತ್ರ ಉಳಿಸಿ ಗದ್ದಲವನ್ನು ಅಳಿಸುವಂತೆ ಮಾಡಿದ ಆ ತಂತ್ರಾಂಶ ಡೋಲಕಿಯನ್ನೂ ಗೆಜ್ಜೆಯನ್ನೂ ಗದ್ದಲವೆಂದೇ ಎಣಿಸಿ ಅಳಿಸಿಹಾಕುತ್ತಿತ್ತು. ಇನ್ನು ನಮ್ಮ ಮನೆಗಳು ಒಂದು ಕೋಣೆಯವು, ಗೋಡೆಗೆ ಗೋಡೆ ತಾಗಿದವು. ಪಕ್ಕದ ಮನೆಯಲ್ಲಿ ರಾತ್ರಿ ಪಾಳಿಗೆ ಹೋಗುವವರು ಮಲಗಿರುತ್ತಿದ್ದರು. ಗೆಜ್ಜೆ ಕಟ್ಟುವಂತಿರಲಿಲ್ಲ. ಅಕ್ಕ ಒಂದು ಉಪಾಯ ಕಂಡುಕೊಂಡರು. ಡೋಲಕಿಯವರಿಂದ ನುಡಿಸಿ ಧ್ವನಿಮುದ್ರಿಸಿಕೊಂಡ ತಾಳವನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರು. ಹುಡುಗಿಯರು ಅದಕ್ಕೆ ಕುಣಿದು ವೀಡಿಯೊ ಕಳಿಸಿದರು. ತಪ್ಪುಗಳನ್ನು ಅಕ್ಕ ಒಂದೊಂದಾಗಿ ಧ್ವನಿಸಂದೇಶದಲ್ಲಿ ತಿದ್ದಿದರು.

ಇದರಲ್ಲಿ ಗೆದ್ದದ್ದೂ ಇದೆ. ಮುಖದ ಹತ್ತಿರ ಹಿಡಿದ ಮೊಬೈಲು ಅದಾಕಾರಿಗೆ ಹೇಳಿ ಮಾಡಿಸಿದಂತಿತ್ತು. ಸಭಾಂಗಣದ ಹಿಂದಿನ ಸಾಲಿಗೆ ಎಂದೂ ಕಾಣದ ಹುಬ್ಬಿನ ಚಲನೆಯನ್ನು ಹುಡುಗಿಯರು ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತರು. ಕೂತು ಹಾಡುವ ಲಾವಣಿಯನ್ನು ಹಿಂದೆ ಬೇಸರವೆನ್ನುತ್ತಿದ್ದ ಗೃಹಿಣಿಯರೂ ಅದಕ್ಕೆ ಒಲಿದರು. ಸೋತದ್ದು ಗೆಜ್ಜೆ ಮತ್ತು ಡೋಲಕಿಯ ಸವಾಲು-ಜವಾಬು. ನರ್ತಕಿ ದಣಿದಾಗ ಡೋಲಕಿಯವನು ತಾಳ ತಗ್ಗಿಸುವುದು, ಉಬ್ಬಿದಾಗ ಏರಿಸುವುದು, ಸಭಿಕನ ಕೂಗಿಗೆ ಅವಳು ಕಾಲಿನಲ್ಲೇ ಉತ್ತರ ಕೊಡುವುದು ಮುದ್ರಿತ ತಾಳದಲ್ಲಿ ಬರುವಂಥದ್ದಲ್ಲ. ಆ ಎರಡು ವರ್ಷಗಳಲ್ಲಿ ಕಲಿತ ಎಷ್ಟೋ ಹುಡುಗಿಯರು ಇಂದಿಗೂ ಜೀವಂತ ಡೋಲಕಿಯ ಮುಂದೆ ತಬ್ಬಿಬ್ಬಾಗುತ್ತಾರೆ.

ಅದೇ ಕಾಲದಲ್ಲಿ ದೊಡ್ಡ ನಗರಗಳ ಬೆಲ್ಲಿ ಡಾನ್ಸ್, ಜುಂಬಾ ಶಿಕ್ಷಕರು ಶುಲ್ಕ ಪಡೆದು ಪರದೆಯ ಮೇಲೆ ಕಲಿಸಿದರು, ಕೆಲವರು ದೇಶದಾಚೆಯ ಶಿಷ್ಯರನ್ನೂ ಪಡೆದರು. ಅವರ ಬಳಿ ಕ್ಯಾಮೆರಾ ಇತ್ತು, ಬ್ಯಾಂಕ್ ಖಾತೆಯಿತ್ತು, ಹೆಸರು ಹೇಳಿಕೊಳ್ಳಲು ಅಳುಕಿರಲಿಲ್ಲ. ಮೇಳದ ಹೆಣ್ಣಿಗೆ ಈ ಮೂರೂ ಸುಲಭವಲ್ಲ. ಅವಳ ಹಾಡಿಗೆ ಬೇರೆಯವರು ಕುಣಿದು ಹೆಸರು ಮಾಡಿದರು, ಅವಳ ಒಲೆ ಉರಿಯಲಿಲ್ಲ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಜಾನಪದ ಕಲಾವಿದರಿಗೆ ಒಂದು ಸಲಕ್ಕೆ 5000 ರೂಪಾಯಿ ಘೋಷಿಸಿತು. ಕರ್ನಾಟಕ ಆ ವರ್ಷದ ಮೇ ತಿಂಗಳಲ್ಲಿ ಕಲಾವಿದರಿಗೆ 3000 ರೂಪಾಯಿ ಘೋಷಿಸಿತ್ತು. ಎರಡು ಹಂಗಾಮು ಕಳೆದುಕೊಂಡವರಿಗೆ ಇದು ಎಷ್ಟು ದಿನದ ಜೋಳ ಎಂಬ ಲೆಕ್ಕ ಓದುಗರೇ ಹಾಕಬಹುದು. ಶಿವಾಜಿಯ ಪಾತ್ರವನ್ನೂ ನಿಭಾಯಿಸಿ ಮೆಚ್ಚಿಸಿದ್ದ ತಮಾಷಾ ಕಲಾವಿದೆ ಕಾಂತಾಬಾಯಿ ಸಾತಾರಕರ್ 2021ರ ಮೇ 25ರಂದು ಸಂಗಮನೇರದಲ್ಲಿ ಕೊರೊನಾಕ್ಕೆ ಬಲಿಯಾದರು. ಅವರ ಜೊತೆಗೆ ಹೋದ ವಿದ್ಯೆಯನ್ನು ಯಾವ ರೀಲೂ ತುಂಬಿಕೊಡಲಾರದು.

ಈ ಕ್ಷೇತ್ರದ ಅಧ್ಯಯನದಲ್ಲಿ ಕೊರತೆಗಳು ಹಲವು. ಶಾಹಿರರ ಪದಗಳ ಮೇಲೆ ಗ್ರಂಥಗಳಿವೆ, ಕಲಿಸುವ ಕ್ರಮದ ಮೇಲೆ ಬರಹ ವಿರಳ. ಸಿನಿಮಾ ಲಾವಣಿಯ ಚರ್ಚೆಯಿದೆ, ಡೋಲಕಿ ನುಡಿಸುವವರ ಜೀವನಚರಿತ್ರೆಗಳು ಕಾಣವು. ಮರಾಠಿ ಲಾವಣಿಗೂ ನಮ್ಮ ಗೀಗೀ ಪದ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳಿಗೂ ಇರುವ ನಂಟನ್ನು ಕನ್ನಡದಲ್ಲಿ ಇನ್ನೂ ಆಳವಾಗಿ ನೋಡಬೇಕಿದೆ. ಎಲ್ಲಕ್ಕಿಂತ ತುರ್ತಿನ ಕೆಲಸ, 2020ರಿಂದ 2022ರವರೆಗಿನ ಅನುಭವವನ್ನು ಮೇಳದವರ ಬಾಯಿಂದಲೇ ದಾಖಲಿಸುವುದು. ಪ್ಲೇಗಿನ ಕಾಲದವರನ್ನು ಈಗ ಕೇಳುವಂತಿಲ್ಲ, ಕೊರೊನಾ ಕಂಡವರು ನಮ್ಮ ನಡುವೆಯೇ ಇದ್ದಾರೆ.

ಛತ್ರಪತಿ ಸಂಭಾಜಿನಗರದ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದಲ್ಲಿ ನಾಟ್ಯ ವಿಭಾಗವಿದೆ. ಶಿಗ್ಗಾವಿಯ ಬಳಿ ಗೊಟಗೋಡಿಯಲ್ಲಿ ನಮ್ಮದೇ ಜಾನಪದ ವಿಶ್ವವಿದ್ಯಾಲಯವಿದೆ. ಈ ಎರಡೂ ಕಡೆಯವರು ಸಂಗೀತ ಬಾರಿಯ ಹಿರಿಯ ಹೆಂಗಸರನ್ನು ಪದವಿ ಕೇಳದೆ, ಸಂಬಳ ಕೊಟ್ಟು, ಗುರುಗಳೆಂದು ಕರೆದುಕೊಳ್ಳಬೇಕು. ಲಾವಣಿ ಕ್ಲಾಸಿಗೆ ಮಕ್ಕಳನ್ನು ಕಳಿಸುವ ತಾಯ್ತಂದೆಯರು ಕಲಿಸುವವರು ಯಾರಲ್ಲಿ ಕಲಿತರು ಎಂದು ಕೇಳಬೇಕು. ಗಡಿನಾಡಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ: ಬರುವ ಚೈತ್ರದ ಜಾತ್ರೆಯಲ್ಲಿ ತಮಾಷಾದ ಫಡ ಬಿದ್ದಿದ್ದರೆ ಮನೆಮಂದಿಯನ್ನೆಲ್ಲ ಕರೆದುಕೊಂಡು, ಟಿಕೆಟ್ಟಿದ್ದರೆ ಟಿಕೆಟ್ ಕೊಂಡು, ಕೊನೆಯ ಲಾವಣಿಯವರೆಗೂ ಕೂತು ನೋಡಿ ಬನ್ನಿ.