ಗೌಡಕಿಯಿಂದ ಅಧ್ಯಕ್ಷ ಪದವಿಗೆ

ನಮ್ಮ ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ, ಊರಿನ ಕಾರಭಾರ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಸದಸ್ಯ ಬಾಂಧವರು ಒಮ್ಮೆ ನೆನೆಯಲೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಹಿಂದೆ ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ದೊರೆ ಯಾರೇ ಇರಲಿ, ನಿಪ್ಪಾಣಿಯಿಂದ ಕಾಗವಾಡದವರೆಗೆ ಊರೊಳಗಿನ ಪದ್ಧತಿ ಒಂದೇ. ಗೌಡರ ಮಗ ಗೌಡ, ಕುಲಕರ್ಣಿಯ ಮಗ ಕುಲಕರ್ಣಿ. ಮುಂಬಯಿ ಪ್ರಾಂತದಲ್ಲಿ ಈ ವತನದ ಹಕ್ಕಿಗೆ 1874ರ ಕಾಯ್ದೆಯ ಬಲವೂ ಇತ್ತು. ಕಂದಾಯ, ಬಂದೋಬಸ್ತು, ಸಣ್ಣಪುಟ್ಟ ತಂಟೆ ಎಲ್ಲವೂ ಚಾವಡಿಯಲ್ಲೇ. ‘ಗೌಡ್ರು ಅಂದದ್ದ ಖರೆ’ ಎನ್ನುವ ಕಾಲ ಅದು. ಒಳ್ಳೆಯ ಗೌಡ ಸಿಕ್ಕರೆ ಊರಿನ ಪುಣ್ಯ. ಸಿಗದಿದ್ದರೆ ಅವರನ್ನು ಬದಲಿಸುವ ದಾರಿ ರೈತನಿಗೆ ಇರಲಿಲ್ಲ.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1959ರ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ತರಹದ ಪಂಚಾಯತಿ ತಂದಿತು. 1961ರ ಕಾಯ್ದೆ ವಂಶಪರಂಪರೆಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ದಫ್ತರು ಪಗಾರದ ನೌಕರರ ಕೈಗೆ ಹೋಯಿತು. ನಜೀರ್‌ಸಾಬರ ಶ್ರಮದಿಂದ 1983ರ ಕಾಯ್ದೆ ಬಂದು, 1987ರಲ್ಲಿ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ ಸಿಕ್ಕವು. 1993ರ ಕಾಯ್ದೆಯಿಂದ ಅಧ್ಯಕ್ಷ ಸ್ಥಾನಕ್ಕೇ ಸರದಿ ಮೀಸಲಾತಿ ಬಂತು. ಚಾವಡಿಯ ಕಟ್ಟೆ ಹತ್ತಲಾರದವರ ಮನೆಯವರೂ ಕುರ್ಚಿಯ ಮೇಲೆ ಕೂತರು.

ಗ್ರಾಮ ಪಂಚಾಯತಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಜನ ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ತಮ್ಮೊಳಗೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡುತ್ತಾರೆ. ವಿಧಾನಸಭೆಯಲ್ಲಿ ಬಹುಮತ ಪಡೆದವರ ನಾಯಕ ಮುಖ್ಯಮಂತ್ರಿಯಾಗುವುದೂ ಹೆಚ್ಚುಕಡಿಮೆ ಹೀಗೆಯೇ. ನಮ್ಮ ಸಂಘದಲ್ಲೂ ನೀವು ಆರಿಸಿದ ನಿರ್ದೇಶಕರೇ ಅಧ್ಯಕ್ಷರನ್ನು ಆರಿಸುತ್ತಾರೆ. ಮೆಚ್ಚಿ ಕೂಡಿಸಿದವರು ವಿಶ್ವಾಸ ಹೋದರೆ ಇಳಿಸಲೂಬಹುದು. ಗೌಡಕಿಗೂ ಅಧ್ಯಕ್ಷ ಪದವಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಆದರೂ ಒಂದು ಮಾತು ಹೇಳದೆ ಇರಲಾರೆವು. ಹೆಂಡತಿ ಅಧ್ಯಕ್ಷೆಯಾದ ಮೇಲೆ ಗಂಡನೇ ಕುರ್ಚಿಯಲ್ಲಿ ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ಆಯ್ಕೆಯ ಮುಂಚೆ ಸದಸ್ಯರನ್ನು ಗಾಡಿಯಲ್ಲಿ ತುಂಬಿ ಊರು ಬಿಡಿಸುವುದನ್ನೂ ಕೇಳಿದ್ದೇವೆ. ಇದು ಹಳೆಯ ಗೌಡಕಿ ಹೊಸ ಅಂಗಿ ತೊಟ್ಟಂತೆ. ಹಿಂದಿನವರಿಗೆ ಆರಿಸುವ ಹಕ್ಕೇ ಇರಲಿಲ್ಲ. ನಾವು ಇದ್ದ ಹಕ್ಕನ್ನು ಮಾರಿಕೊಂಡರೆ ತಪ್ಪು ಯಾರದು?

ಸಂಘದಲ್ಲಿ ಒಂದು ಶೇರಿನವನಿಗೂ ನೂರು ಶೇರಿನವನಿಗೂ ಒಂದೇ ಮತ. ಈ ಸಮಾನತೆ ಇಪ್ಪತ್ತೈದು ವರ್ಷ ನಮ್ಮನ್ನು ಕಾಯ್ದಿದೆ. ಊರಿನ ಕಾರಭಾರದಲ್ಲೂ ಅದನ್ನು ಕಾಯೋಣ, ಮಕ್ಕಳಿಗೆ ಹಾಗೆಯೇ ಒಪ್ಪಿಸೋಣ.